ಟ್ಯೂನಾಕ್ಕಾಗಿ ಕಡಲಿನಲ್ಲೊಂದು ರಾತ್ರಿ: ಮೂಡಿಗೆರೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟ ನೋಡಿಕೊಂಡಿದ್ದೇನೆ, ವಯಸ್ಸು 56. ಗೊರೂರಿನ ಹಿನ್ನೀರಿನಲ್ಲಿ ಗಾಳ ಹಾಕಿ ಕಾಟ್ಲಾ, ರೋಹು ಹಿಡಿಯುವ ಹವ್ಯಾಸ ಬಹಳ ಕಾಲದ್ದು. ತೋಟದ ಕೆಲಸ ಒಂದು ಹಂತಕ್ಕೆ ಬಂದು ಮಗನ ಶಾಲೆಗೂ ರಜೆಯಿರುವ ಮೇ ಎರಡನೇ ವಾರದಲ್ಲಿ, ಮಗ ಮತ್ತು ಮೂವರು ಸ್ನೇಹಿತರೊಂದಿಗೆ ಸಮುದ್ರದಲ್ಲಿ ಒಂದು ರಾತ್ರಿಯಿದ್ದು ಟ್ಯೂನಾ ಹಿಡಿಯಲು ಹೊರಡುವವರಿದ್ದೇವೆ. ಮಲ್ಪೆಯ ಪರಿಚಯಸ್ಥರೊಬ್ಬರು ಆಳಸಮುದ್ರದ ಬೋಟಿನಲ್ಲಿ ಜಾಗ ಕೊಡಿಸುತ್ತಾರೆ. ಟ್ಯೂನಾ ರಾತ್ರಿ ಮಾತ್ರ ಗಾಳಕ್ಕೆ ಬೀಳುತ್ತದೆ ಎಂಬುದು ನಿಜವೇ? ಚಾರ್ಮಾಡಿಯ ತಿರುವುಗಳಲ್ಲಿ ನನಗೆ ಎಂದೂ ವಾಂತಿಯಾಗಿಲ್ಲ, ಕಡಲಿನಲ್ಲೂ ಆಗಲಾರದಲ್ಲವೇ? ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವನು ದೊಡ್ಡ ಮೀನನ್ನು ಎಳೆಯಬಹುದೇ? ಇನ್ನೊಂದು ಅಂಜಿಕೆಯೂ ಇದೆ. ಕಳೆದ ತಿಂಗಳು ಮಂಗಳೂರಿನಿಂದ ಕಾರಿನಲ್ಲಿ ಬಂದ ಟ್ಯೂನಾದ ಸಾರು ಉಂಡ ಐದು ಮಂದಿಗೂ ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈಮೇಲೆ ದದ್ದು ಎದ್ದವು. ಮನೆಯ ಹಿರಿಯರು ನಂಜು ಎಂದರು, ಔಷಧ ಅಂಗಡಿಯವರು ಅಲರ್ಜಿ ಎಂದರು. ಮೀನು ನಾರುತ್ತಿರಲಿಲ್ಲ, ಚೆನ್ನಾಗಿ ಬೆಂದೂ ಇತ್ತು. ಉಳಿದ ತುಂಡುಗಳು ಇನ್ನೂ ಫ್ರೀಜರಿನಲ್ಲಿವೆ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳಿಗಿಂತ, ಪ್ರಶ್ನೆಯಾಗಿ ಕೇಳದೆ ನಿಶ್ಚಯವಾದ ಸಂಗತಿಗಳೆಂಬಂತೆ ಬರೆದಿರುವ ಎರಡು ಮಾತುಗಳು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು. ಒಂದು, ಮೇ ಎರಡನೇ ವಾರ. ಇನ್ನೊಂದು, ಮಲ್ಪೆಯ ಆಳಸಮುದ್ರದ ಬೋಟು. ಮೀನುಗಾರಿಕಾ ವಿಜ್ಞಾನ ಓದಿ, ಹಿಡಿದ ಮೀನು ಕೆಡದಂತೆ ಕಾಯುವ ಕೆಲಸದಲ್ಲಿಯೇ ವೃತ್ತಿಯ ಬಹುಭಾಗವನ್ನು ಕಳೆದು ಈಗ ಹಾಸನದಲ್ಲಿ ನೆಲೆಸಿರುವ ನನಗೆ, ಘಟ್ಟದ ಮೇಲಿನ ಗಾಳದ ಹವ್ಯಾಸಿಗಳಿಂದ ಇಂಥ ವಿಚಾರಣೆಗಳು ಆಗಾಗ ಬರುತ್ತವೆ. ಅವರಲ್ಲಿ ಹೆಚ್ಚಿನವರು ಕೋಲು, ರೀಲು, ದಾರಗಳ ಬಗ್ಗೆ ಬಹಳ ವಿಚಾರಿಸುತ್ತಾರೆ. ದೋಣಿಯ ಬಗ್ಗೆ, ತಿಂಗಳಿನ ಬಗ್ಗೆ, ಮಂಜುಗಡ್ಡೆಯ ಬಗ್ಗೆ ಕೇಳುವವರು ಕಡಿಮೆ. ಪ್ರವಾಸ ಕೆಡುವುದು ಸಾಮಾನ್ಯವಾಗಿ ಈ ಮೂರರಿಂದಲೇ.

ಮೊದಲು ರಾತ್ರಿಯ ವಿಷಯ. ಟ್ಯೂನಾ ರಾತ್ರಿ ಮಾತ್ರ ಗಾಳಕ್ಕೆ ಬೀಳುತ್ತದೆ ಎಂಬುದು ನಿಜವಲ್ಲ, ಆದರೆ ಅದು ತೀರಾ ಬುಡವಿಲ್ಲದ ನಂಬಿಕೆಯೂ ಅಲ್ಲ. ಕತ್ತಲಾದ ಮೇಲೆ ಆಳದಲ್ಲಿರುವ ಸಣ್ಣ ಮೀನುಗಳೂ ಇಂಗ್ಲಿಷಿನಲ್ಲಿ ಸ್ಕ್ವಿಡ್ ಎನ್ನುವ ಬೊಂಡಾಸ್‌ನಂಥ ಜೀವಿಗಳೂ ನೀರಿನ ಮೇಲುಪದರಕ್ಕೆ ಏರಿ ಬರುತ್ತವೆ, ದೋಣಿಯ ದೀಪಕ್ಕೆ ಇನ್ನಷ್ಟು ಸೇರುತ್ತವೆ, ಅವುಗಳ ಹಿಂದೆ ಟ್ಯೂನಾವೂ ಬರಬಹುದು. ಹಾಗಿದ್ದರೂ ಹಳದಿ ರೆಕ್ಕೆಯ ಟ್ಯೂನಾ ಬಹುಮಟ್ಟಿಗೆ ಕಣ್ಣಿನಿಂದ ಬೇಟೆಯಾಡುವ ಮೀನಾದ್ದರಿಂದ, ನಸುಕಿನ ಮೊದಲ ಬೆಳಕು ಮತ್ತು ಸಂಜೆಯ ಕೊನೆಯ ಬೆಳಕುಗಳೇ ಗಾಳದವರಿಗೆ ಹೆಚ್ಚು ಒದಗುವ ಹೊತ್ತು. ಹಗಲಿನಲ್ಲಿಯೂ ಹಕ್ಕಿಗಳ ಗುಂಪು ನೀರಿಗೆ ಎರಗುತ್ತಿರುವ ಕಡೆ ಅದು ಸಿಗುತ್ತದೆ. ರಾತ್ರಿ ಹೊರಡುವುದಕ್ಕೆ ನಿಜವಾದ ಕಾರಣ ದೂರ. ನಮ್ಮ ಕರಾವಳಿಯ ಕಡಲತಳವು ನಿಧಾನವಾಗಿ ಇಳಿಯುತ್ತ ಹೋಗುವುದರಿಂದ, 200 ಮೀಟರ್ ಆಳ ಸಿಗಬೇಕಾದರೆ ಮಂಗಳೂರಿನಿಂದ ಸರಿಸುಮಾರು 80 ಕಿಲೋಮೀಟರ್ ಪಶ್ಚಿಮಕ್ಕೆ ಸಾಗಬೇಕು. ಗಂಟೆಗೆ 8 ನಾಟಿಕಲ್ ಮೈಲಿ, ಅಂದರೆ ಸುಮಾರು 15 ಕಿಲೋಮೀಟರ್ ವೇಗದ ದೋಣಿಗೆ ಅದು ಐದೂವರೆ ಗಂಟೆಯ ಹಾದಿ. ಬೆಳಗಿನ ಜಾವಕ್ಕೆ ಅಲ್ಲಿರಬೇಕಾದವರು ರಾತ್ರಿಯೆಲ್ಲ ಓಡಲೇಬೇಕು. ಆಳ ನೀರು ದಡಕ್ಕೆ ಹತ್ತಿರವಿರುವ ಜಾಗವನ್ನು ಆರಿಸಿಕೊಂಡರೆ ರಾತ್ರಿಯ ಪ್ರಯಾಣದ ಅಗತ್ಯವೇ ತಪ್ಪುತ್ತದೆ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಟ್ಯೂನಾ ಎಂದರೆ ಒಂದೇ ಮೀನಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಬಂದರುಗಳಲ್ಲಿ ಕೇದರ್ ಎಂದು ಮಾರಾಟವಾಗುವುದರಲ್ಲಿ ಹೆಚ್ಚಿನದು ದಡಕ್ಕೆ ಹತ್ತಿರವೇ ಗುಂಪುಗಟ್ಟುವ, ಕೆಲವೇ ಕಿಲೋ ತೂಗುವ ಸಣ್ಣ ಜಾತಿಗಳು. ಚಿತ್ರಗಳಲ್ಲಿ ಇಬ್ಬರು ಸೇರಿ ಎತ್ತಿ ಹಿಡಿದಿರುವುದು ಹಳದಿ ರೆಕ್ಕೆಯದು. ಅದರ ಗಾಳದ ದಾಖಲೆ 2012ರಲ್ಲಿ ಮೆಕ್ಸಿಕೋ ಬಳಿ ಸಿಕ್ಕ 193 ಕಿಲೋ ದಾಟಿದ ಮೀನಿನದು. ಮೊದಲ ಸಲ ಹೊರಟವರಿಗೆ ಸಣ್ಣ ಕೇದರ್ ಕೊಡುವ ಎಳೆತವೇ ಸಾಕಷ್ಟಾಗುತ್ತದೆ. ಐದು ಕಿಲೋದ ಕಾಟ್ಲಾವನ್ನು ಎಳೆದ ಕೈಗೆ ಐದು ಕಿಲೋದ ಕೇದರ್ ಬೇರೆಯದೇ ಪ್ರಾಣಿಯಂತೆ ಕಾಣುತ್ತದೆ.

ಇನ್ನು ಮೇ ತಿಂಗಳು. ಸಮುದ್ರ ಆಗ ಹಲವು ದಿನ ಗಾಜಿನ ಹಾಗೆ ಮಲಗಿರುವುದುಂಟು, ಅದನ್ನು ಕಂಡವರು ಅದು ಒಳ್ಳೆಯ ಕಾಲವೆಂದು ಹೇಳುವುದೂ ಉಂಟು. ಆದರೆ ಮುಂಗಾರಿಗೆ ಮೊದಲು ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2021ರ ಮೇ ತಿಂಗಳಿನ ತೌಕ್ತೆ, ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಹುಟ್ಟಿ ಒಂದೆರಡು ದಿನಗಳಲ್ಲಿಯೇ ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋಯಿತು. ನೀವು ಗೊತ್ತುಮಾಡಿರುವ ದಿನಗಳಿಗೆ ಅದು ಬಹುತೇಕ ಹೊಂದುತ್ತದೆ. ಅದಲ್ಲದೆ, ಹಿಂದೂ ಮಹಾಸಾಗರದ ದಕ್ಷಿಣದ ದೂರದ ಬಿರುಗಾಳಿಗಳಿಂದ ಹೊರಟ ಉದ್ದನೆಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದಿದ್ದರೂ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೇರಳದ ದಡಕ್ಕೂ ಒಮ್ಮೊಮ್ಮೆ ದಕ್ಷಿಣ ಕನ್ನಡದ ದಡಕ್ಕೂ ಬಂದಪ್ಪಳಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ನವೆಂಬರ್ ಕೊನೆಯೂ ಪೂರ್ತಿ ನಿರ್ಭಯವಲ್ಲ. 2017ರ ಓಖಿ ಅದಕ್ಕೆ ಸಾಕ್ಷಿ. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ಕಡಲೇ ಹವ್ಯಾಸಿಗೆ ತಕ್ಕದ್ದು. ಆ ತಿಂಗಳುಗಳು ನಿಮಗೆ ಕೊಯ್ಲಿನ ಕಾಲವೆಂದು ನನಗೆ ಗೊತ್ತಿದೆ. ಅರೇಬಿಕಾ ಮುಗಿದು ರೊಬಸ್ಟಾ ಪೂರ್ತಿ ಶುರುವಾಗುವ ಮೊದಲು, ಇಲ್ಲವೇ ಕೊಯ್ಲೆಲ್ಲ ಮುಗಿದು ಹೂಮಳೆಗೆ ಕಾಯುವಾಗ ಎರಡು ದಿನ ಹೊಂದಿಸಿಕೊಳ್ಳುವುದು ಕಷ್ಟವೇ ಆದರೂ, ಮೇ ತಿಂಗಳಿನ ಅನುಕೂಲಕ್ಕಾಗಿ ಮಗನನ್ನು ಕರೆದುಕೊಂಡು ರಾತ್ರಿ ಕಡಲಿಗಿಳಿಯುವುದನ್ನು ನಾನು ಒಪ್ಪಲಾರೆ. ಯಾವ ತಿಂಗಳಿನಲ್ಲಿ ಹೊರಟರೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರತಿದಿನ ಪ್ರಕಟಿಸುವ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನೂ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ಹೊರಡುವ ದಿನ ಬೆಳಿಗ್ಗೆ ನೋಡಿ. ಮುಂಗಡ ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಹೊರಟುಬಿಡಬೇಡಿ.

ಬೋಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತ. ಮಲ್ಪೆಯ ಆಳಸಮುದ್ರದ ಬೋಟು ಎಂದರೆ ಸಾಮಾನ್ಯವಾಗಿ ಟ್ರಾಲ್ ಬೋಟು. ಅದು ಒಂದು ರಾತ್ರಿಗೆ ಹೋಗಿ ಬರುವುದಿಲ್ಲ, ವಾರಕ್ಕೂ ಹೆಚ್ಚು ದಿನ ಕಡಲಿನಲ್ಲಿಯೇ ಇರುತ್ತದೆ. ಅದರ ಬಲೆ ತಳವನ್ನು ಎಳೆದು ರಾಣಿ ಮೀನು, ಬೊಂಡಾಸ್‌ಗಳನ್ನು ತರುತ್ತದೆಯೇ ಹೊರತು ಟ್ಯೂನಾ ಅದರ ಗುರಿಯಲ್ಲ. ಹೀಗಾಗಿ ನಿಮ್ಮ ಪರಿಚಯಸ್ಥರು ಕೊಡಿಸುತ್ತಿರುವ ಜಾಗ ನಿಮ್ಮ ಉದ್ದೇಶಕ್ಕೇ ಸರಿಹೊಂದದು. ಎರಡನೆಯದಾಗಿ, ಮೀನು ಹಿಡಿಯಲು ಕೊಟ್ಟ ಪರವಾನಗಿಯು ಹಣ ಪಡೆದು ಪ್ರವಾಸಿಗರನ್ನು ಕರೆದೊಯ್ಯುವುದಕ್ಕೆ ಕೊಟ್ಟ ಪರವಾನಗಿಯಲ್ಲ. 2008ರ ಮುಂಬೈ ದಾಳಿಯ ನಂತರ ಬೋಟಿನಲ್ಲಿರುವ ಪ್ರತಿಯೊಬ್ಬರ ಗುರುತಿನ ಚೀಟಿಯನ್ನು ಕೇಳುವ ಅಧಿಕಾರಿಗಳಿಗೆ ನೀವು ಯಾರೆಂದು ತಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಏನು ಹೇಳಬೇಕು? ಅಪಘಾತವಾದರೆ ಮೀನುಗಾರರ ವಿಮೆಯೂ ನಿಮ್ಮನ್ನು ಒಳಗೊಳ್ಳುವುದಿಲ್ಲ. ಇಷ್ಟೆಲ್ಲದರ ಮೇಲೆ, ವಿಂಚು, ಉಕ್ಕಿನ ಹಗ್ಗ, ಒದ್ದೆ ಡೆಕ್ಕುಗಳ ನಡುವೆ ಕತ್ತಲಲ್ಲಿ ಕೆಲಸ ಮಾಡುತ್ತಿರುವವರಿಗೆ ಅಭ್ಯಾಸವಿಲ್ಲದ ಐದು ಮಂದಿಯನ್ನು ಕಾಯುವ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಏನು ಮಾಡಬಹುದು? ಮಂಗಳೂರು ಅಥವಾ ಮಲ್ಪೆಯಿಂದ ಪ್ರವಾಸಿಗರನ್ನು ಒಯ್ಯಲು ಅನುಮತಿಯಿರುವ ದೋಣಿಯಲ್ಲಿ ಬೆಳಗಿನ ಜಾವ ಹೊರಟು ಮಧ್ಯಾಹ್ನಕ್ಕೆ ಮರಳುವ ಪ್ರವಾಸ ಮೊದಲನೆಯ ಹೆಜ್ಜೆಗೆ ಸಾಕು. ದಡದಿಂದ ಇಪ್ಪತ್ತು, ಮೂವತ್ತು ಕಿಲೋಮೀಟರ್ ಒಳಗೆಯೇ ಸಣ್ಣ ಕೇದರ್, ಅಂಜಲ್ ಸಿಗುವ ಸಾಧ್ಯತೆಯಿರುತ್ತದೆ. ಏನೂ ಸಿಗದೆ ಬರುವ ಸಾಧ್ಯತೆಯೂ ಅಷ್ಟೇ ಇರುತ್ತದೆ. ಹೊಟ್ಟೆ ತೊಳಸತೊಡಗಿದರೆ ಎರಡು ಗಂಟೆಯಲ್ಲಿ ದಡ ಸೇರಬಹುದು ಎಂಬುದು ಇದರ ದೊಡ್ಡ ಅನುಕೂಲ. ಹಳದಿ ರೆಕ್ಕೆಯ ಮೀನೇ ಬೇಕೆಂದಾದರೆ ಲಕ್ಷದ್ವೀಪಕ್ಕೆ ಹೋಗುವುದು ಲೇಸು. ಅಲ್ಲಿನ ದ್ವೀಪಗಳು ಆಳ ಕಡಲಿನ ನಡುವಿನಿಂದ ಎದ್ದು ನಿಂತಿರುವುದರಿಂದ ಹವಳದ ದಿಬ್ಬ ದಾಟಿದ ಸ್ವಲ್ಪ ದೂರದಲ್ಲಿಯೇ ನೂರಾರು ಮೀಟರ್ ಆಳ ಸಿಗುತ್ತದೆ, ರಾತ್ರಿಯ ಓಟ ಬೇಕಾಗುವುದಿಲ್ಲ. ಮಿನಿಕಾಯ್, ಅಗತ್ತಿಗಳ ಮೀನುಗಾರರು ಜೀವಂತ ಸಣ್ಣ ಮೀನನ್ನು ನೀರಿಗೆ ಚೆಲ್ಲಿ, ಕೋಲು ಮತ್ತು ದಾರದಿಂದಲೇ ಒಂದೊಂದಾಗಿ ಟ್ಯೂನಾ ಎತ್ತುವುದನ್ನು ನೋಡುವುದೇ ಒಂದು ಪಾಠ. ದ್ವೀಪಕ್ಕೆ ಕಾಲಿಡಲು ಮುಂಚಿತವಾಗಿ ಪ್ರವೇಶ ಅನುಮತಿ ಪಡೆಯಬೇಕು. ವಿಮಾನ, ಹಡಗಿನ ಟಿಕೆಟುಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದರಲ್ಲಿ ತಾಳ್ಮೆ ಬೇಕು. ಅಂಡಮಾನಿನಲ್ಲಿ ಹವ್ಯಾಸಿಗಳಿಗೆಂದೇ ದೋಣಿ ನಡೆಸುವವರಿದ್ದಾರೆ, ದೋಣಿಯಲ್ಲಿಯೇ ರಾತ್ರಿ ತಂಗುವ ಏರ್ಪಾಡೂ ಸಿಗುತ್ತದೆ. ಖರ್ಚು ಮಾತ್ರ ಬಹಳ.

ಎಲ್ಲಿಂದ ಹೊರಟರೂ ಮುಂಗಡ ಕೊಡುವ ಮೊದಲು ದೋಣಿಯನ್ನು ಹಗಲಿನಲ್ಲಿ ಕಣ್ಣಾರೆ ನೋಡಿ. ತಲೆಗೊಂದರಂತೆ ಲೈಫ್ ಜಾಕೆಟ್ ಇದೆಯೇ, ನಿಮ್ಮ ಮಗನ ಅಳತೆಯದು ಇದೆಯೇ, ವಿಎಚ್‌ಎಫ್ ರೇಡಿಯೋ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554 ಎಂಬುದು ಎಲ್ಲರಿಗೂ ತಿಳಿದಿರಬೇಕು, ಆದರೆ ದಡದಿಂದ ದೂರ ಸಾಗಿದಂತೆ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ ರೇಡಿಯೋದ 16ನೇ ಚಾನೆಲ್ಲೇ ಅಲ್ಲಿ ಗತಿ. ರಾತ್ರಿಯ ಪ್ರವಾಸದಲ್ಲಿ ನಾನು ಅತ್ಯಂತ ಹೆದರುವ ಅಪಾಯ ಬಿರುಗಾಳಿಯಲ್ಲ. ಯಾರಿಗೂ ಹೇಳದೆ ಎದ್ದು, ಮೂತ್ರಕ್ಕೆಂದು ದೋಣಿಯ ಅಂಚಿಗೆ ಹೋದವನು ಜಾರಿ ನೀರಿಗೆ ಬೀಳುವುದು. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಅವನಿಲ್ಲವೆಂದು ಗೊತ್ತಾಗುವ ಹೊತ್ತಿಗೆ ದೋಣಿ ಎಷ್ಟೋ ದೂರ ಬಂದಿರುತ್ತದೆ. ಕತ್ತಲಾದ ಮೇಲೆ ಡೆಕ್ಕಿನ ಮೇಲಿರುವಷ್ಟು ಹೊತ್ತೂ ಜಾಕೆಟ್ ಮೈಮೇಲಿರಬೇಕು, ಒಬ್ಬರೇ ಅಂಚಿಗೆ ಹೋಗಬಾರದು, ಮದ್ಯದ ಬಾಟಲಿ ದಡದಲ್ಲಿಯೇ ಉಳಿಯಬೇಕು. ಸ್ನೇಹಿತರ ಗುಂಪಿನಲ್ಲಿ ಈ ಕೊನೆಯ ಮಾತನ್ನು ಹೇಳುವುದು ಕಷ್ಟವೆಂದು ಬಲ್ಲೆ. ತಂಡೇಲರ ಬಾಯಿಂದಲೇ ಹೇಳಿಸಿದರೆ ಸುಲಭವಾಗುತ್ತದೆ.

ಚಾರ್ಮಾಡಿಯ ತಿರುವುಗಳನ್ನು ಗೆದ್ದವರಿಗೆ ಕಡಲಿನಲ್ಲಿ ರಿಯಾಯಿತಿಯೇನೂ ಇಲ್ಲ. ಒಳಕಿವಿ ಹೇಳುವ ಅಲುಗಾಟಕ್ಕೂ ಕಣ್ಣು ಹೇಳುವ ದೃಶ್ಯಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಘಟ್ಟದಲ್ಲಿ ಕಾರು ನಡೆಸುವವರು ನೀವೇ ಆದರೆ ಮುಂದಿನ ತಿರುವನ್ನು ಮೈ ಮೊದಲೇ ಊಹಿಸಿಕೊಂಡಿರುತ್ತದೆ, ತಿರುವುಗಳೂ ಒಂದು ಗಂಟೆಯೊಳಗೆ ಮುಗಿಯುತ್ತವೆ. ನಿಂತ ದೋಣಿಯು ಮೂರು ದಿಕ್ಕಿಗೆ ಹೊಯ್ದಾಡುತ್ತದೆ, ಮುಂದಿನ ಹೊಯ್ದಾಟ ಎತ್ತ ಎಂಬುದು ಗೊತ್ತಾಗುವುದಿಲ್ಲ, ಕತ್ತಲಲ್ಲಿ ಕಣ್ಣಿಗೆ ಆಧಾರವಾಗುವ ದಿಗಂತವೂ ಇಲ್ಲ. ಇದಕ್ಕೆ ಡೀಸೆಲ್ ಹೊಗೆ ಸೇರಿದರೆ ಬಲ್ಲವರೂ ಮಲಗುತ್ತಾರೆ. ಪ್ರೊಮೆಥಜೈನ್, ಮೆಕ್ಲಿಜೈನ್‌ನಂಥ ಮಾತ್ರೆಗಳು ಕೆಲಸ ಮಾಡುವುದು ದೋಣಿ ಹತ್ತುವ ಮುಂಚೆಯೇ ನುಂಗಿದಾಗ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಅವು ನಿದ್ದೆ ತರಿಸುತ್ತವೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯಿರುವವರಿಗೆ ಕೆಲವು ಹೊಂದುವುದಿಲ್ಲ. ಶುಂಠಿಯಿಂದ ಸ್ವಲ್ಪ ಮಟ್ಟಿನ ಉಪಯೋಗವಿರಬಹುದು, ಅದೊಂದನ್ನೇ ನಂಬುವುದು ಬೇಡ. ಖಾಲಿ ಹೊಟ್ಟೆಯೂ ಬೇಡ, ಮಟನ್ ಊಟವೂ ಬೇಡ. ಮಲಗುವುದಾದರೆ ದೋಣಿಯ ನಡುಭಾಗದಲ್ಲಿ, ಆದಷ್ಟು ಕೆಳಮಟ್ಟದಲ್ಲಿ ಮಲಗಿ.

ರಕ್ತದೊತ್ತಡದ ಪ್ರಶ್ನೆಗೆ ಕೊನೆಯ ಮಾತು ನಿಮ್ಮ ವೈದ್ಯರದು. ನಾನು ಹೇಳಬಲ್ಲದ್ದು ಮೈಗೆ ಎಂಥ ಶ್ರಮ ಬೀಳುತ್ತದೆ ಎಂಬುದನ್ನಷ್ಟೇ. ಇಪ್ಪತ್ತು ಕಿಲೋದ ಹಳದಿ ರೆಕ್ಕೆ ಅರ್ಧ ಗಂಟೆ ಎಳೆದಾಡಿಸಬಹುದು, ಆ ಹೊತ್ತಿನಲ್ಲಿ ಮನುಷ್ಯ ಅರಿವಿಲ್ಲದೆ ಉಸಿರು ಬಿಗಿಹಿಡಿದು ಜಗ್ಗುತ್ತಾನೆ, ಒತ್ತಡ ಏರುವುದು ಆಗಲೇ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವಾಂತಿಯೂ ಆಗಿ ಬಿಸಿಲೂ ಬಿದ್ದರೆ ಬೇಗ ಬಳಲುತ್ತಾರೆ. ಆದ್ದರಿಂದ ವೈದ್ಯರಿಗೆ ‘ಸಮುದ್ರಕ್ಕೆ ಹೋಗುತ್ತೇನೆ’ ಎಂದಷ್ಟೇ ಹೇಳದೆ, ಈ ಶ್ರಮವನ್ನೂ ವಾಂತಿ ತಡೆಯುವ ಮಾತ್ರೆಯ ಹೆಸರನ್ನೂ ತಿಳಿಸಿ ಕೇಳಿ. ದೋಣಿಯಲ್ಲಿ ಕೋಲನ್ನು ಸ್ನೇಹಿತರ ಕೈಗೆ ದಾಟಿಸಲು ಸಂಕೋಚಪಡಬೇಡಿ. ಎಂಥ ಸಂದರ್ಭದಲ್ಲಿಯೂ ದಾರವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಕೆರೆಯ ಗಾಳದವರಿಗಿರುವ ಈ ಅಭ್ಯಾಸ ಕಡಲಿನಲ್ಲಿ ಬೆರಳನ್ನೇ ತೆಗೆದುಬಿಡುತ್ತದೆ.

ಈಗ ನಿಮ್ಮ ಮನೆಯ ಊಟದ ವಿಷಯ. ನೀವು ಬರೆದಿರುವ ಲಕ್ಷಣಗಳು ಹಿಸ್ಟಮಿನ್ ವಿಷಬಾಧೆಯವು ಎಂಬುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸಹಜವಾಗಿಯೇ ಹೇರಳವಾಗಿರುತ್ತದೆ. ಮೀನು ಸತ್ತ ಮೇಲೆ ಬೆಚ್ಚಗೆ ಉಳಿದರೆ, ಕಿವಿರು ಮತ್ತು ಕರುಳಿನಿಂದ ಹರಡುವ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹವೇ ಬಿಡುಗಡೆ ಮಾಡುವ ವಸ್ತುವೂ ಇದೇ ಆದ್ದರಿಂದ ಲಕ್ಷಣಗಳು ಒಂದೇ ರೀತಿಯಲ್ಲಿರುತ್ತವೆ, ಔಷಧ ಅಂಗಡಿಯವರು ಹಾಗೆ ಹೇಳಿದ್ದು ಸಹಜವೇ. ಆದರೆ ಅಲರ್ಜಿ ಒಬ್ಬೊಬ್ಬರ ಮೈಗುಣ. ಒಂದೇ ಪಾತ್ರೆಯ ಸಾರು ಉಂಡ ಐವರಿಗೂ ಒಟ್ಟಿಗೆ ಬರುವುದಿಲ್ಲ. ಹಿರಿಯರು ನಂಜು ಎಂದದ್ದು ಒಂದು ಅರ್ಥದಲ್ಲಿ ಹೆಚ್ಚು ಹತ್ತಿರದ ಮಾತು, ಆ ನಂಜು ಮೀನಿನ ಜಾತಿಯಲ್ಲಿರಲಿಲ್ಲ, ಅದು ಬಂದ ದಾರಿಯಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ಇದರ ಕೆಡುಕು ಇರುವುದು ಕಣ್ಣಿಗೂ ಮೂಗಿಗೂ ಸಿಗದಿರುವುದರಲ್ಲಿ. ವಾಸನೆ ಬರುವ ಮೊದಲೇ ಹಿಸ್ಟಮಿನ್ ಅಪಾಯದ ಮಟ್ಟ ಮುಟ್ಟಿರಬಹುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಹುಣಸೆಹಣ್ಣು, ಅರಿಶಿನ, ಉಪ್ಪುಗಳಿಂದಲೂ ಅದು ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ನಿಮ್ಮ ಫ್ರೀಜರಿನಲ್ಲಿರುವ ತುಂಡುಗಳನ್ನು ನಾಯಿಗೂ ಹಾಕದೆ ಹೂತುಬಿಡಿ. ಸಾಮಾನ್ಯವಾಗಿ ಈ ತೊಂದರೆ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ, ಅಲರ್ಜಿಯ ಮಾತ್ರೆಗೆ ಬೇಗ ಬಗ್ಗುತ್ತದೆ. ಆದರೆ ಉಸಿರಾಟದ ತೊಂದರೆ, ತೀವ್ರ ಎದೆಬಡಿತ, ತಲೆಸುತ್ತು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಆಸ್ತಮಾ, ಹೃದಯದ ಕಾಯಿಲೆಯವರಿಗೂ, ಕ್ಷಯಕ್ಕೆ ಐಸೊನಿಯಾಜಿಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಇದು ಉಲ್ಬಣಿಸಬಹುದು.

ಟ್ಯೂನಾ ಈ ವಿಷಯದಲ್ಲಿ ಬೇರೆ ಮೀನುಗಳಿಗಿಂತ ಕಠಿಣ, ಏಕೆಂದರೆ ಅದರ ಮೈ ಬಿಸಿ. ದುಡಿಯುವ ಸ್ನಾಯುಗಳ ಶಾಖ ಕಿವಿರಿನ ಮೂಲಕ ನೀರಿಗೆ ಸೋರಿಹೋಗದಂತೆ, ಎದುರುಬದುರಾಗಿ ಹರಿಯುವ ರಕ್ತನಾಳಗಳ ಜಾಲವೊಂದು ಅದನ್ನು ದೇಹದಲ್ಲಿಯೇ ಹಿಡಿದಿಡುತ್ತದೆ. ಅರ್ಧ ಗಂಟೆ ಗಾಳದಲ್ಲಿ ಹೆಣಗಿದ ಮೀನಿನ ಒಳಗು ಇನ್ನಷ್ಟು ಕಾದಿರುತ್ತದೆ, ಆಮ್ಲವೂ ಸೇರಿ ಮಾಂಸ ಬಿಳಿಚಿಕೊಂಡು ನೀರಾಗುತ್ತದೆ. ಆದ್ದರಿಂದ ದೋಣಿಗೆ ಬಂದೊಡನೆ ಫೋಟೋಗೆ ಹತ್ತು ನಿಮಿಷ ಕೊಡದೆ, ಮೆದುಳಿಗೆ ಒಂದೇ ಇರಿತದಿಂದ ಕೊಂದು, ಎರಡೂ ಬದಿಯ ಎದೆರೆಕ್ಕೆಯ ಹಿಂಬದಿಯಲ್ಲಿ ಕೊಯ್ದು ರಕ್ತ ಬಸಿದು, ಕಿವಿರು ಮತ್ತು ಕರುಳು ತೆಗೆದು, ಕಡಲ ನೀರು ಬೆರೆಸಿದ ಮಂಜುಗಡ್ಡೆಯ ಪುಡಿಯಲ್ಲಿ ಮುಳುಗಿಸಬೇಕು. ಮೇಲೆ ಉದುರಿಸಿದ ಮಂಜುಗಡ್ಡೆ ಚರ್ಮವನ್ನಷ್ಟೇ ತಣಿಸುತ್ತದೆ; ಹೊಟ್ಟೆಯೊಳಗೂ ತುಂಬಬೇಕು. ಒಳಮಾಂಸ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆಯೇ ಎಂಬುದನ್ನು ಅಡುಗೆಮನೆಯ ಮುಳ್ಳು ಥರ್ಮಾಮೀಟರಿನಿಂದ ನೋಡಬಹುದು. ನಮ್ಮ ಸೆಕೆಗೆ ಮೀನಿನ ತೂಕದ ಎರಡರಷ್ಟು ಮಂಜುಗಡ್ಡೆ ಇಟ್ಟುಕೊಳ್ಳುವುದು ನನ್ನ ಲೆಕ್ಕ. ಬಂದರಿನಲ್ಲಿ ಹೊಸ ಮಂಜುಗಡ್ಡೆ ತುಂಬಿಸಿ, ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ, ಕರಗಿದ ನೀರು ಹೊರಹೋಗುವಂತೆ ಮಾಡಿ ಘಟ್ಟ ಹತ್ತಿಸಿ. ಗೊಬ್ಬರದ ಚೀಲದಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು, ಉಜಿರೆಯಲ್ಲಿ ಊಟಕ್ಕೆ ನಿಂತು, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತು ತಂದ ಮೀನೇ ಕಳೆದ ತಿಂಗಳು ನಿಮ್ಮ ಮನೆಗೆ ಬಂದದ್ದೆಂದು ನನ್ನ ಊಹೆ.

ದೊಡ್ಡ ಟ್ಯೂನಾಗಳಲ್ಲಿ ಪಾದರಸದ ಅಂಶ ಸಣ್ಣವುಗಳಿಗಿಂತ ಹೆಚ್ಚಿರುವುದರಿಂದ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದನ್ನು ಪದೇ ಪದೇ ಬಡಿಸುವುದು ಬೇಡ. ಹಿಂದೂ ಮಹಾಸಾಗರದ ಹಳದಿ ರೆಕ್ಕೆಯನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು ಈ ಸಾಗರದ ಟ್ಯೂನಾ ಆಯೋಗ 2015ರಲ್ಲಿ ಹೇಳಿತ್ತು. 2024ರ ಅಂದಾಜಿನಲ್ಲಿ ಪರಿಸ್ಥಿತಿ ಸುಧಾರಿಸಿರುವುದು ಕಂಡಿತು. ಆದರೂ ಐದು ಮಂದಿಗೆ ಎರಡು ಮೀನು ಸಾಕು, ಅಷ್ಟಕ್ಕೇ ನಿಮ್ಮ ಮಂಜುಗಡ್ಡೆಯೂ ಸಾಲುವುದು. ನೀರಿಗೆ ಮರಳಿ ಬಿಡುವುದಾದರೆ ಬೇಗ ಬಿಡಿ. ಈಜುತ್ತಲೇ ಉಸಿರಾಡುವ ಈ ಮೀನು ಬಹಳ ಹೊತ್ತು ಸೆಣಸಿ ಡೆಕ್ಕಿನ ಮೇಲೂ ಬಿದ್ದಿದ್ದರೆ ಬದುಕುವುದು ಅನುಮಾನ.

ನಿಮಗೆ ನನ್ನ ಸಲಹೆ ಹೀಗಿದೆ: ಮಲ್ಪೆಯ ಜಾಗವನ್ನು ಬಿಟ್ಟುಕೊಡಿ, ಮೇ ತಿಂಗಳನ್ನು ಕೈಬಿಡಿ, ಮುಂದಿನ ಚಳಿಗಾಲದಲ್ಲಿ ಹಗಲಿನ ಪ್ರವಾಸವೊಂದನ್ನು ಮಾಡಿ ನೋಡಿ, ನಿಮ್ಮ ಮತ್ತು ಮಗನ ಹೊಟ್ಟೆ ಅದನ್ನು ತಾಳಿಕೊಂಡರೆ ಅದರ ಮರುವರ್ಷ ಲಕ್ಷದ್ವೀಪದ ಅನುಮತಿಗೆ ಅರ್ಜಿ ಹಾಕಿ. ವಾಂತಿಯ ಮಾತ್ರೆಯನ್ನು ವೈದ್ಯರು ಒಪ್ಪಿದ ಮೇಲೆ, ಮೊದಲ ಬಾರಿಗೆ ದೋಣಿಯಲ್ಲಿ ನುಂಗದೆ, ಮರುದಿನ ಕೆಲಸವಿಲ್ಲದ ಒಂದು ಸಂಜೆ ಮನೆಯಲ್ಲಿಯೇ ನುಂಗಿ ಎಷ್ಟು ಮಂಪರು ಬರುತ್ತದೆಂದು ನೋಡಿಕೊಳ್ಳಿ, ಮಂಪರು ಹೆಚ್ಚಿದ್ದರೆ ಬಂದರಿನಿಂದ ಘಟ್ಟ ಹತ್ತುವಾಗ ಕಾರಿಗೆ ಬೇರೆ ಚಾಲಕರನ್ನು ಗೊತ್ತುಮಾಡಿಕೊಳ್ಳಿ.